ನೂರ ಎಪ್ಪತ್ತೈದು ಡಿಗ್ರಿ ಪಶ್ಚಿಮ

ನನ್ನ ಗಂಡನ ಮೊದಲ ವರ್ಷದ ತಿಥಿಗೆ ಇನ್ನು ಮೂರು ವಾರ ಇರುವಾಗ ಭಟ್ಟರು ಫೋನ್ ಮಾಡಿ, ಪ್ರಾಣ ಹೋದ ಗಳಿಗೆ ಯಾವುದು ಎಂದು ಕೇಳಿದರು. ಅಲ್ಲಿಯ ತನಕ ಅದನ್ನು ಯಾರೂ ಕೇಳಿರಲಿಲ್ಲ. ಮಂಗಳವಾರ ಸಂಜೆ ಎಂದು ಹಡಗಿನ ಕಂಪೆನಿಯವರು ಹೇಳಿದ್ದರು. ನಾವೂ ಮಂಗಳವಾರ ಸಂಜೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆವು. ಆ ಸಂಜೆ ಪಂಚಾಂಗದಲ್ಲಿ ಕಾರ್ತಿಕ ಬಹುಳ ಪಂಚಮಿ. ಈ ವರ್ಷ ಪಂಚಮಿ ಗುರುವಾರ ಬರುತ್ತದೆ ಎಂದು ಲೆಕ್ಕ ಹಾಕಿ ನನ್ನ ಮೈದುನ ಹೋಟೆಲಿನ ಕೌಂಟರಿಗೆ ರಜೆಯನ್ನೂ ಹೇಳಿ ಆಗಿತ್ತು.

ಭಟ್ಟರು ಹಳೆಯ ಪಂಚಾಂಗ ತೆಗೆದು ನೋಡಿದ್ದರಂತೆ. ಹೋದ ವರ್ಷದ ಆ ಪಂಚಮಿ ಮಂಗಳವಾರ ಬೆಳಿಗ್ಗೆ ಹುಟ್ಟಿ ಬುಧವಾರ ಬೆಳಿಗ್ಗೆ ಎಂಟಕ್ಕೆ ಮುಗಿದಿತ್ತು. ಅರ್ಧ ದಿನ ಹಿಂದೆ ಮುಂದೆ ಆದರೂ ತಿಥಿ ಬದಲಾಗುತ್ತದೆ, ಯಾವ ಊರಿನ ಸಂಜೆ ಅದು, ಕಾಗದ ನೋಡಿ ಹೇಳಿ ಎಂದರು. ಕಪಾಟಿನಿಂದ ಕಾಗದ ತೆಗೆದೆ. ಸ್ಥಳ ಎಂಬ ಕಡೆ ಊರಿನ ಹೆಸರೇ ಇರಲಿಲ್ಲ. ಅಕ್ಷಾಂಶ ನಲವತ್ತೊಂಬತ್ತು ಡಿಗ್ರಿ ಉತ್ತರ, ರೇಖಾಂಶ ನೂರ ಎಪ್ಪತ್ತೈದು ಡಿಗ್ರಿ ಪಶ್ಚಿಮ. ಹೊತ್ತು ಸಂಜೆ ಆರು ನಲವತ್ತು, ಹಡಗಿನ ಸಮಯ.

“ಊರಿಲ್ಲ ಭಟ್ರೇ, ಸಮುದ್ರ” ಎಂದೆ.

“ಸಮುದ್ರದಲ್ಲೂ ಗಡಿಯಾರ ಇರ್ತದಲ್ಲಮ್ಮ. ಅಲ್ಲಿ ಸಂಜೆ ಆಗುವಾಗ ಇಲ್ಲಿ ಎಂತ ಆಗಿತ್ತು ಅಂತ ಹೇಳಿ, ಸಾಕು. ಚಂದ್ರ ಎಲ್ಲರಿಗೂ ಒಬ್ಬನೇ.”

ಫೋನ್ ಇಟ್ಟ ಮೇಲೆ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಒಂದು ವರ್ಷದಿಂದ ನಾನು ಆ ಮಂಗಳವಾರ ಸಂಜೆ ಆರು ನಲವತ್ತನ್ನು ಹೊತ್ತುಕೊಂಡು ತಿರುಗುತ್ತಿದ್ದೆ. ಆ ದಿನ ನನಗೆ ವಾರದ ರಜೆ. ಸರಿಯಾಗಿ ಆ ಹೊತ್ತಿಗೆ ಮುಂಬಯಿಯ ಗೋರೆಗಾಂವಿನ ನಮ್ಮ ಬಿಲ್ಡಿಂಗಿನಲ್ಲಿ ಎದುರುಮನೆಯವರ ಸೊಸೆಗೆ ಸೀಮಂತ ನಡೆಯುತ್ತಿತ್ತು. ಅವಳಿಗೆ ಹೂವಿನ ಆಭರಣ ಕಟ್ಟಿದವಳು ನಾನು. ಯಾರೋ ಏನೋ ತಮಾಷೆ ಮಾಡಿದರು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಆ ಮನೆಯಲ್ಲಿ ಮಗು ಹುಟ್ಟಿ ಹತ್ತು ತಿಂಗಳಾದರೂ ನಾನು ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಅವರು ಬಾಗಿಲು ತೆರೆದ ಸದ್ದು ಕೇಳಿದರೆ ನಾನು ಒಳಗೇ ನಿಂತು, ಅವರು ಲಿಫ್ಟಿಗೆ ಹೋದ ಮೇಲೆ ಹೊರಗೆ ಬರುತ್ತಿದ್ದೆ.

ಇವರು, ನನ್ನ ಗಂಡ, ಮೊದಲು ಮಾಟುಂಗಾದಲ್ಲಿ ಹೋಟೆಲಿನ ಭಟ್ಟಿ ಒಲೆಯ ಮುಂದೆ ನಿಂತವರು. ಆಮೇಲೆ ಪರೀಕ್ಷೆ ಕಟ್ಟಿ ಹಡಗಿನ ಅಡುಗೆಯವರಾದರು. ಭೂಗೋಳವನ್ನು ಅವರು ಹೇಳುತ್ತಿದ್ದದ್ದು ದೋಸೆಹಿಟ್ಟಿನಿಂದ. ಸಮಭಾಜಕದ ಹತ್ತಿರ ಹಡಗು ಹೋಗುವಾಗ ರುಬ್ಬಿಟ್ಟ ಹಿಟ್ಟು ನಾಲ್ಕೈದು ಗಂಟೆಯಲ್ಲಿ ಉಕ್ಕಿ ಪಾತ್ರೆಯಿಂದ ಹೊರಗೆ ಬರುತ್ತಿತ್ತಂತೆ. ನಲವತ್ತು ಡಿಗ್ರಿ ದಾಟಿದರೆ ಎರಡು ದಿನ ಇಟ್ಟರೂ ಮಿಸುಕುವುದಿಲ್ಲ. ಅದಕ್ಕೆ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಎಂಜಿನ್ ರೂಮಿನ ಬಿಸಿ ಪೈಪಿನ ಪಕ್ಕ ಇಡಬೇಕು. ಎಂಜಿನ್ನಿನವರು ಬೈಯುತ್ತಾರೆ, ಆದರೆ ಭಾನುವಾರ ಮಸಾಲೆದೋಸೆ ತಿನ್ನುವಾಗ ಸುಮ್ಮನಾಗುತ್ತಾರೆ. ಉಷ್ಣವಲಯ, ಸಮಶೀತೋಷ್ಣವಲಯ ಎಂದು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದನ್ನು ಅವರು ಹಿಟ್ಟು ಹುಳಿ ಬಂದ ಹೊತ್ತು ನೋಡಿ ಹೇಳಬಲ್ಲವರಾಗಿದ್ದರು. ಚಳಿ ಅವರಿಗೆ ಆಗುತ್ತಿರಲಿಲ್ಲ. ನಲವತ್ತೊಂಬತ್ತು ಡಿಗ್ರಿ ಉತ್ತರದ ನವೆಂಬರ್ ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಇಲ್ಲಿ ಹತ್ತೊಂಬತ್ತು ಡಿಗ್ರಿಯಲ್ಲಿ ಆ ತಿಂಗಳು ಫ್ಯಾನ್ ಬೇಕು.

ನಾನು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ಹತ್ತನೆಯ ತನಕ. ನಮ್ಮ ಮಾಸ್ತರರು ಒಂದು ಮೋಸಂಬಿಗೆ ರಬ್ಬರ್ ಬ್ಯಾಂಡುಗಳನ್ನು ಹಾಕಿ ತೋರಿಸಿದ್ದರು. ಅಡ್ಡ ಹಾಕಿದ್ದು ಅಕ್ಷಾಂಶ, ಉದ್ದ ಹಾಕಿದ್ದು ರೇಖಾಂಶ. ಅಕ್ಷಾಂಶ ಬಿಸಿಲು ಚಳಿಯನ್ನು ಹೇಳುತ್ತದೆ, ರೇಖಾಂಶ ಹೊತ್ತನ್ನು ಹೇಳುತ್ತದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಪೂರ್ವಕ್ಕೆ ಕೂಡು, ಪಶ್ಚಿಮಕ್ಕೆ ಕಳೆ. ಈ ಕೊನೆಯ ಮಾತು ಪರೀಕ್ಷೆಗೆ ಬರುತ್ತದೆ ಎಂದು ಅವರು ನಮ್ಮಿಂದ ಗಟ್ಟಿಯಾಗಿ ಹೇಳಿಸಿದ್ದರು.

ಗ್ಯಾಸಿನ ಚೀಟಿಯ ಹಿಂದೆ ಲೆಕ್ಕ ಮಾಡಿದೆ. ನೂರ ಎಪ್ಪತ್ತೈದನ್ನು ನಾಲ್ಕರಿಂದ ಗುಣಿಸಿದರೆ ಏಳುನೂರು ನಿಮಿಷ, ಅಂದರೆ ಹನ್ನೊಂದು ಗಂಟೆ ನಲವತ್ತು ನಿಮಿಷ. ನಮ್ಮ ದೇಶದ್ದು ಪೂರ್ವಕ್ಕೆ ಐದೂವರೆ ಗಂಟೆ. ಒಟ್ಟು ಹದಿನೇಳು ಗಂಟೆ ಹತ್ತು ನಿಮಿಷ. ಕಾಗದದಲ್ಲಿ ಪಶ್ಚಿಮ ಎಂದಿದೆ, ಹಾಗಾಗಿ ಕಳೆದೆ. ಮಂಗಳವಾರ ಬೆಳಗಿನ ಜಾವ ಒಂದೂವರೆ ಬಂತು. ಪಂಚಮಿ ಅಲ್ಲ, ಚೌತಿ.

ಬೆಳಗಿನ ಜಾವ ಒಂದೂವರೆಗೆ ನಾನು ನಿದ್ದೆಯಲ್ಲಿದ್ದೆ. ನಗುತ್ತಿರಲಿಲ್ಲ. ಆ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಭಟ್ಟರಿಗೆ ಚೌತಿ ಎಂದೆ. ಮೈದುನನಿಗೂ ಹೇಳಿದೆ. ಅವನು ಗೊಣಗಿದ. ಗುರುವಾರದ ರಜೆಯನ್ನು ಬುಧವಾರಕ್ಕೆ ಹಾಕಿಸಿಕೊಳ್ಳಲು ಕ್ಯಾಪ್ಟನ್ನಿಗೆ ಕೈಮುಗಿಯಬೇಕು ಎಂದ. ಹೋಟೆಲಿನಲ್ಲೂ ಕ್ಯಾಪ್ಟನ್ ಇರುತ್ತಾನೆ, ಬಡಿಸುವವರ ಮೇಲಿನವನು. ಆ ಎರಡು ದಿನ ನಾನು ಚೆನ್ನಾಗಿ ಊಟ ಮಾಡಿದೆ. ಮೂರನೆಯ ದಿನ ತಲೆಯೊಳಗೆ ಏನೋ ಕೊರೆಯತೊಡಗಿತು. ಮಾಸ್ತರರ ಮೋಸಂಬಿಯಲ್ಲಿ ಕೂಡುವುದು ಕಳೆಯುವುದು ಯಾವ ಗೆರೆಯಿಂದ ಶುರುವಾಗಿತ್ತು ಎಂಬುದೇ ನೆನಪಿಗೆ ಬರಲಿಲ್ಲ. ರೈಲಿನಲ್ಲಿ ನಿಂತು ಬೆರಳು ಮಡಚುತ್ತಾ ಇಳಿಯುವ ಸ್ಟೇಷನ್ ಬಂದಂತಾಗಿ, ಬಾಂದ್ರಾದಲ್ಲೇ ಇಳಿದು, ಮತ್ತೆ ಹತ್ತಿದೆ. ಪರೇಲಿನ ಆಸ್ಪತ್ರೆಯ ಲಿನನ್ ರೂಮಿನಲ್ಲಿ ನನ್ನ ಕೆಲಸ, ಹರಿದ ಚಾದರ ಹೊಲಿದು ವಾರ್ಡುಗಳಿಗೆ ಕಳಿಸುವುದು. ಆ ದಿನ ಮಕ್ಕಳ ವಾರ್ಡಿನದು ಹೆರಿಗೆ ವಾರ್ಡಿಗೆ ಹೋಗಿತ್ತು.

ಯಾರನ್ನು ಕೇಳಬೇಕೆಂದು ಗೊತ್ತಿತ್ತು. ಇವರ ಜೊತೆ ಅದೇ ಹಡಗಿನಲ್ಲಿದ್ದ ಎಂಜಿನ್ನಿನ ಕೆಲಸದವನು ಒಬ್ಬ, ರತ್ನಾಗಿರಿಯ ಕಡೆಯವನು, ಕುರ್ಲಾದ ವಠಾರದಂಥ ಚಾಳಿನಲ್ಲಿ ಮನೆ. ಕರಾರು ಮುಗಿಸಿ ಬಂದವನೇ ಮಳೆಗಾಲದಲ್ಲಿ ಒಮ್ಮೆ ಫೋನ್ ಮಾಡಿ, ಮನೆಗೆ ಬಂದು ಮಾತಾಡಬೇಕು ಎಂದಿದ್ದ. ಆಗ ಬೇಡ ಎಂದಿದ್ದೆ. ಕೇಳುವ ಧೈರ್ಯ ಇರಲಿಲ್ಲ. ಈಗ ರಜೆಯ ದಿನ ನಾನೇ ಹೋದೆ.

ಕುರ್ಲಾ ಸ್ಟೇಷನ್ನಿನಿಂದ ಚಾಳಿಗೆ ಹತ್ತು ನಿಮಿಷ, ಲೇತ್ ಯಂತ್ರಗಳ ಸದ್ದಿನ ಗಲ್ಲಿ ದಾಟಿ ಹೋಗಬೇಕು. ಅವನ ಹೆಂಡತಿ ಚಹಾ ಕೊಟ್ಟು, ಮಾತು ನಮಗೇ ಬಿಟ್ಟು ಗ್ಯಾಲರಿಗೆ ಹೋದಳು. ನಾನು ಗ್ಯಾಸಿನ ಚೀಟಿ ಮುಂದಿಟ್ಟೆ. ಅವನು ಓದಿ ಪೆನ್ಸಿಲ್ ಕೇಳಿದ. ಹೊತ್ತಿನಲ್ಲಿ ಹಡಗು ನಮ್ಮ ಹಿಂದೆ ಇತ್ತು, ಅಲ್ಲಿಯ ಹೊತ್ತಿಗೆ ಕೂಡಿದರೆ ಇಲ್ಲಿಯದು ಸಿಗುತ್ತದೆ, ನೀವು ಕಳೆದಿದ್ದೀರಿ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಹಡಗಿನವರು ನಿಮಿಷಗಳ ಗೊಡವೆಗೆ ಹೋಗುವುದಿಲ್ಲವಂತೆ. ಪಶ್ಚಿಮಕ್ಕೆ ಸಾಗುವಾಗ ಕೆಲವು ದಿನಗಳಿಗೊಮ್ಮೆ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ. ಆ ದಿನ ಹಡಗಿನ ಗಡಿಯಾರ ಮುಂಬಯಿಗಿಂತ ಹದಿನಾರೂವರೆ ಗಂಟೆ ಹಿಂದೆ ಇತ್ತು. ಆರು ನಲವತ್ತಕ್ಕೆ ಅದನ್ನು ಕೂಡಿಸಿ ಬರೆದ. ಬುಧವಾರ ಬೆಳಿಗ್ಗೆ ಹನ್ನೊಂದು ಹತ್ತು.

“ವೈನಿ, ಹಮಾರೇ ಜಹಾಜ್ ಮೇ ಉಸ್ ಹಫ್ತೇ ಬುಧವಾರ್ ಥಾ ಹೀ ನಹೀ” ಎಂದ.

ಅತ್ತಿಗೆ, ನಮ್ಮ ಹಡಗಿಗೆ ಆ ವಾರ ಬುಧವಾರವೇ ಇರಲಿಲ್ಲ ಎಂದರ್ಥ. ನೂರ ಎಂಬತ್ತು ಡಿಗ್ರಿಯಲ್ಲಿ ಒಂದು ಗೆರೆ ಇದೆ, ಅದನ್ನು ಪಶ್ಚಿಮದ ಕಡೆಗೆ ದಾಟಿದರೆ ಒಂದು ದಿನ ಬಿಟ್ಟುಹೋಗುತ್ತದೆ. ಇವರು ತೀರಿಹೋದ ಮಂಗಳವಾರ ರಾತ್ರಿ ಮಲಗಿ ಎದ್ದಾಗ ಹಡಗಿನವರಿಗೆಲ್ಲ ಗುರುವಾರ. ಆ ಬುಧವಾರ ಇದ್ದದ್ದು ನಮಗೆ ಮಾತ್ರ.

ನಾನು ಕೇಳದೆಯೇ ಅವನು ಉಳಿದದ್ದನ್ನೂ ಹೇಳಿದ. ಐದೂವರೆಗೆ ಇವರು ಎಲ್ಲರಿಗೂ ಬಡಿಸಿದರು. ಆರರ ಹೊತ್ತಿಗೆ ಎದೆ ಉರಿ, ಅಸಿಡಿಟಿ ಎಂದು ಹೇಳಿ ಕ್ಯಾಬಿನ್ನಿಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು ಮೆಸ್ಸಿನ ಬೆಂಚಿನ ಮೇಲೆ ಕೂತರು. ಮಜ್ಜಿಗೆ ಕೇಳಿದರು. ಇವನು ತರುವಷ್ಟರಲ್ಲಿ ವಾಲಿದ್ದರು. ಹಡಗಿನವರು ಎದೆ ಒತ್ತಿದರು, ಏನೇನೋ ಮಾಡಿದರು. ಆಮೇಲೆ ಸ್ಟ್ರೆಚರಿಗೆ ಮಲಗಿಸುವಾಗ ಅವರ ಜೇಬಿನಲ್ಲಿ ಫೋನ್ ರಿಂಗ್ ಆಯಿತು.

ಯಾರು ಎತ್ತಿದರು ಎಂದು ಕೇಳಿದೆ.

ಯಾರೂ ಎತ್ತಲಿಲ್ಲ. ಎತ್ತಿ ಏನು ಹೇಳುವುದು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅದು ನಿಲ್ಲುವ ತನಕ ಸ್ಟ್ರೆಚರನ್ನು ಎತ್ತದೆ ನಿಂತಿದ್ದರು. ಆಮೇಲೆ ಹಡಗಿನ ಕ್ಯಾಪ್ಟನ್ ಬಂದು ಫೋನನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿದರು. ಅದಕ್ಕೂ ಮೊದಲು ಅದನ್ನು ಯಾರೂ ಮುಟ್ಟಿರಲಿಲ್ಲ, ಅದರ ಲಾಕ್ ಯಾರಿಗೂ ಗೊತ್ತಿರಲಿಲ್ಲ ಎಂದು ಅವನು ಎರಡು ಸಲ ಹೇಳಿದ. ನಾನು ಅವನ ಮೇಲೆ ಸಂಶಯ ಪಡುತ್ತಿದ್ದೇನೆ ಎಂದುಕೊಂಡನೋ ಏನೋ. ಚಹಾ ಹಾಗೇ ಬಿಟ್ಟು ಎದ್ದೆ.

ಇಲ್ಲಿಯ ತನಕ ನಾನು ಯಾರಿಗೂ ಹೇಳದ ಒಂದು ವಿಷಯ ಇದೆ. ಹೋದ ವರ್ಷದ ಆ ಬುಧವಾರ ನಾನು ಎಂದಿನಂತೆ ಹತ್ತು ಇಪ್ಪತ್ತೈದರ ಸ್ಲೋ ಲೋಕಲ್ ಹತ್ತಿದ್ದೆ. ಪ್ರಭಾದೇವಿಯಲ್ಲಿ ಇಳಿದು ಬ್ರಿಡ್ಜ್ ದಾಟಿದರೆ ಪರೇಲ್, ಹನ್ನೊಂದೂವರೆಗೆ ನನ್ನ ಪಾಳಿ. ಹತ್ತು ನಲವತ್ತಕ್ಕೆ ಅಂಧೇರಿ ದಾಟುವಾಗ ಹಡಗಿನ ವೈಫೈ ಮೂಲಕ ಇವರ ನಂಬರಿನಿಂದ ಕಾಲ್ ಬಂತು. ಕಟ್ ಮಾಡಿದೆ. ಕೆಲಸದ ಜಾಗದ ಬಾಗಿಲಿಗೆ ಬಂದು ಹನ್ನೊಂದು ಇಪ್ಪತ್ತೈದಕ್ಕೆ ತಿರುಗಿ ಮಾಡಿದೆ, ರಿಂಗ್ ಆಗಿ ಆಗಿ ನಿಂತಿತು. ನೆಟ್‌ವರ್ಕ್ ಹೋಗಿರಬೇಕು ಎಂದು ಒಳಗೆ ಹೋದೆ. ಮೂರು ಗಂಟೆಗೆ ಕಂಪೆನಿಯವರು ಫೋನ್ ಮಾಡಿ, ನಿಮ್ಮ ಯಜಮಾನರು ಮಂಗಳವಾರ ಸಂಜೆ ತೀರಿಕೊಂಡರು ಎಂದರು. ಹಾಗಾದರೆ ಬೆಳಿಗ್ಗೆ ಬಂದ ಕಾಲ್ ಯಾರದು? ಹಡಗಿನವರು ಇವರ ಫೋನಿನಿಂದ ನನಗೆ ಸುದ್ದಿ ತಿಳಿಸಲು ನೋಡಿದ್ದಾರೆ ಎಂದು ತಿಳಿದೆ. ಬೇರೆ ಹೇಗೆ ತಿಳಿಯಲಿ? ಸತ್ತವರು ಫೋನ್ ಮಾಡುತ್ತಾರೆಯೇ? ಆ ಕಾಲ್ ಕಟ್ ಮಾಡಿದ್ದಕ್ಕೆ ನಾನು ಒಳಗೊಳಗೇ ಸಮಾಧಾನವನ್ನೂ ಪಟ್ಟಿದ್ದೆ. ಎತ್ತಿದ್ದರೆ ರೈಲಿನಲ್ಲೇ ತಿಳಿಯುತ್ತಿತ್ತು. ಕಟ್ ಮಾಡಿದ್ದರಿಂದ ಇನ್ನೂ ನಾಲ್ಕು ಗಂಟೆ ಮುತ್ತೈದೆಯಾಗಿ ಚಾದರ ಹೊಲಿದೆ ಎಂದುಕೊಂಡಿದ್ದೆ.

ಈಗ ಲೆಕ್ಕ ತಪ್ಪಲು ಸಾಧ್ಯವಿರಲಿಲ್ಲ. ಅವರ ಜೇಬಿನಲ್ಲಿ ರಿಂಗ್ ಆದದ್ದು ನನ್ನ ಕಾಲ್. ಪರೇಲಿನಲ್ಲಿ ನಾನು ಕಿವಿಗೆ ಇಟ್ಟುಕೊಂಡು ಕೇಳಿದ ರಿಂಗನ್ನೇ ಅಲ್ಲಿ ಅವರು ಸ್ಟ್ರೆಚರಿನ ಸುತ್ತ ನಿಂತು ಕೇಳಿದ್ದರು. ಅದಕ್ಕೆ ರೇಖಾಂಶ ಬೇಕಿಲ್ಲ. ಹತ್ತು ನಲವತ್ತರ ಕಾಲ್ ಮಾಡಿದ್ದು ಇವರೇ, ಕ್ಯಾಬಿನ್ನಿನಿಂದ, ಎದೆ ಉರಿಯುವಾಗ.

ಕುರ್ಲಾದಿಂದ ದಾದರಿಗೆ ಬಂದು ಲೈನ್ ಬದಲಿಸುವಾಗ ಬ್ರಿಡ್ಜಿನ ಮೇಲೆ ನಿಂತುಬಿಟ್ಟೆ. ಹಿಂದಿನವರು ಬೈದರು. ಗೋರೆಗಾಂವಿನಲ್ಲಿ ಇಳಿದರೂ ಮನೆಗೆ ಹೋಗದೆ ಸ್ಟೇಷನ್ನಿನ ಪೂರ್ವಕ್ಕೆ ಒಮ್ಮೆ, ಪಶ್ಚಿಮಕ್ಕೆ ಒಮ್ಮೆ, ಏನೂ ಕೊಳ್ಳದೆ ಮಾರ್ಕೆಟಿನಲ್ಲಿ ನಡೆದೆ. ಬಿಲ್ಡಿಂಗಿಗೆ ಬಂದರೆ ಎದುರುಮನೆಯ ಬಾಗಿಲು ತೆರೆದಿತ್ತು. ಮಗು ಹೊಸ್ತಿಲಿನ ಹಲಗೆ ಹಿಡಿದು ನಿಂತು ನನ್ನನ್ನು ನೋಡಿತು. ಎತ್ತಿಕೊಂಡೆ. ಅದರ ತಪ್ಪೂ ಇಲ್ಲ, ಅದರ ತಾಯಿಯ ಸೀಮಂತದ ತಪ್ಪೂ ಇಲ್ಲ. ನಾನು ನಕ್ಕಾಗ ಇವರು ಬದುಕಿದ್ದರು. ಮಗುವಿನ ತಾಯಿ ಬಂದು ಪಕ್ಕದಲ್ಲಿ ನಿಂತಳು.

ಮೈದುನನಿಗೆ ಹೇಳಲು ನಾಲ್ಕು ದಿನ ಹಿಡಿಯಿತು. ಆ ಬುಧವಾರ ಹನ್ನೊಂದು ಹತ್ತಕ್ಕೆ ಪಂಚಮಿ ಮುಗಿದು ಷಷ್ಠಿ ಹುಟ್ಟಿತ್ತು, ಈ ವರ್ಷ ಷಷ್ಠಿ ಶುಕ್ರವಾರ. ಅವನು ಭಾನುವಾರ ಮಧ್ಯಾಹ್ನ, ಹೋಟೆಲಿನ ಊಟದ ರಶ್ ಮುಗಿಸಿ, ತಿಥಿಯ ಸಾಮಾನಿನ ಪಟ್ಟಿ ಬರೆಯಲು ಬಂದಿದ್ದ. ನನ್ನ ಮಗಳು ಒಳಗೆ ಪರೀಕ್ಷೆಗೆ ಓದುತ್ತಿದ್ದಳು. ಬುಧವಾರ ಅಲ್ಲ, ಶುಕ್ರವಾರ ಎಂದೆ. ಅವನು ಪೆನ್ನು ಮುಚ್ಚಿಟ್ಟ.

“ಅತ್ತಿಗೆ, ಅಣ್ಣ ಒಂದೇ ಸಲ ಸತ್ತದ್ದು. ನೀವು ಅವನಿಗೆ ಮೂರು ದಿನ ಮಾಡಿಟ್ಟಿದ್ದೀರಿ.”

ನಾನು ಪಟ್ಟಿಯ ಕಾಗದವನ್ನು ಅವನ ಕಡೆಗೆ ಸರಿಸಿದೆ.

“ಒಂದು ವರ್ಷ ಪಂಚಮಿ ಅಂತ ಹೇಳಿದ್ದು ಯಾರು? ನಾವೇ. ಮತ್ತೆ ಚೌತಿ ಅಂದ್ರಿ. ಈಗ ಷಷ್ಠಿ. ಊರಿಂದ ಅಕ್ಕ ಫೋನ್ ಮಾಡಿ, ನಿಮ್ಮ ಬೊಂಬಾಯಿಯಲ್ಲಿ ದಿನಕ್ಕೊಂದು ಪಂಚಾಂಗವಾ ಅಂತ ಕೇಳ್ತಾಳೆ. ಎಂತ ಹೇಳುದು ನಾನು?”

ಹಡಗಿಗೆ ಬುಧವಾರ ಇರಲಿಲ್ಲ ಎಂಬುದನ್ನು ವಿವರಿಸಲು ನೋಡಿದೆ. ಅವನಿಗೆ ಅದು ಕಿವಿಗೆ ಬೀಳಲಿಲ್ಲ. ಶುಕ್ರವಾರ ಪಕ್ಕದ ಆಫೀಸಿನ ಐವತ್ತು ಊಟದ ಆರ್ಡರ್ ಇದೆ, ರಜೆ ಸಿಗುವುದಿಲ್ಲ ಎಂದ. ಒಂದೆರಡು ದಿನ ಆಚೆ ಈಚೆ ಆದರೆ ಅಣ್ಣನಿಗೆ ಎಂತ ವ್ಯತ್ಯಾಸ, ಅವನು ಸಿಟ್ಟು ಮಾಡುವವನಲ್ಲ ಎಂದ. ಅದು ನಿಜ. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಬುಧವಾರವೇ ಇರಲಿ ಎಂದುಬಿಡುತ್ತಿದ್ದರು. ನಾನೂ ಬಹಳ ವಿಷಯಗಳಲ್ಲಿ ಹಾಗೆ ಅಂದುಬಿಡುವವಳೇ.

ಫೋನ್ ತೆಗೆದು ಇವರ ಚಾಟಿನಲ್ಲಿ ಆ ಬುಧವಾರದ ತನಕ ಹೋಗಿ, ಅವನ ಕೈಗೆ ಕೊಟ್ಟೆ. ಹತ್ತು ನಲವತ್ತು, ಅವರಿಂದ. ಹನ್ನೊಂದು ಇಪ್ಪತ್ತೈದು, ನನ್ನಿಂದ. ನಡುವೆ ಏನೂ ಇಲ್ಲ.

“ಇದು ಅವರೇ ಮಾಡಿದ್ದು. ನಾನು ಕಟ್ ಮಾಡಿದೆ” ಎಂದೆ. “ಆ ದಿನ ಬುಧವಾರ. ಷಷ್ಠಿ. ಬೇರೆ ದಿನ ಎಲೆ ಹಾಕಿದರೆ ನಾನು ಬಡಿಸುವುದಿಲ್ಲ.”

ಅವನು ಬಹಳ ಹೊತ್ತು ನೋಡಿದ. ಚಾಟನ್ನು ಮೇಲೆ ಕೆಳಗೆ ಮಾಡಲಿಲ್ಲ, ಆ ಎರಡು ಗೆರೆಯನ್ನೇ ನೋಡಿದ. ಆಮೇಲೆ ಫೋನನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಪಟ್ಟಿಯಲ್ಲಿ ಬುಧವಾರ ಎಂಬುದನ್ನು ಹೊಡೆದು ಶುಕ್ರವಾರ ಎಂದು ಬರೆದ. ಬಾಳೆಎಲೆ ಎಷ್ಟು ಬೇಕು ಎಂದು ಕೇಳಿದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ಊರಿನ ಅಕ್ಕನಿಗೆ ತಾನೇ ಹೇಳುತ್ತೇನೆ, ನೀವು ಫೋನ್ ಎತ್ತಬೇಡಿ ಎಂದ.

ಒಳಗಿನ ಕೋಣೆಯಲ್ಲಿ ಮಗಳು ಪುಟ ತಿರುಗಿಸುವ ಸದ್ದು ನಿಂತಿತ್ತು. ಕೇಳಿಸಿಕೊಂಡಿದ್ದಾಳೆ ಎಂದು ಗೊತ್ತಾಯಿತು. ಆ ವಾರವೆಲ್ಲ ನಾವಿಬ್ಬರೂ ಒಬ್ಬರ ದಾರಿಗೆ ಒಬ್ಬರು ಅಡ್ಡ ಬರದಂತೆ ಆ ಸಣ್ಣ ಮನೆಯಲ್ಲಿ ಓಡಾಡಿದೆವು.

ಶುಕ್ರವಾರ ಭಟ್ಟರು ಒಂಬತ್ತಕ್ಕೇ ಬಂದು ಎಲ್ಲ ಹೊಂದಿಸಿದರು. ನಾನು ಲೆಕ್ಕ ಮಾಡಿದ ಚೀಟಿಯನ್ನೂ ಕುರ್ಲಾದವನು ಬರೆದುಕೊಟ್ಟದ್ದನ್ನೂ ಒಮ್ಮೆ ನೋಡಿ, ಸರಿಯಾಯಿತು ಎಂದು ತಲೆ ಆಡಿಸಿದರು. ಸಂಕಲ್ಪದಲ್ಲಿ ದ್ವೀಪ, ಖಂಡ, ಕ್ಷೇತ್ರ ಎಂದು ದೊಡ್ಡದರಿಂದ ಸಣ್ಣದಕ್ಕೆ ಬಂದು ನಾವು ಕೂತ ಜಾಗದಲ್ಲಿ ನಿಂತರು. ಆಮೇಲೆ ಸಂವತ್ಸರ, ಮಾಸ, ಪಕ್ಷ, ತಿಥಿ. ಷಷ್ಠ್ಯಾಂ ಎಂದಾಗ ಮೈದುನ ತಲೆ ತಗ್ಗಿಸಿಯೇ ಇದ್ದ. ಐವತ್ತು ಊಟದ ಆರ್ಡರನ್ನು ಯಾರ ತಲೆಗೆ ಕಟ್ಟಿ ಬಂದನೋ, ನಾನು ಕೇಳಲಿಲ್ಲ.

ಅಡುಗೆಮನೆಯಲ್ಲಿ ನಾನೂ ಮಗಳೂ. ಅವಳು ಕನ್ನಡ ಮಾತಾಡುವುದು ಕಡಿಮೆ, ಅರ್ಧ ಮಾತು ಹಿಂದಿಗೆ ಜಾರುತ್ತದೆ. ತೆಂಗಿನಕಾಯಿ ತುರಿಯುತ್ತಾ, ನನ್ನ ಕಡೆ ನೋಡದೆ ಹೇಳಿದಳು.

“ಅಮ್ಮ, ಅಪ್ಪಾ ಕೋ ಪತಾ ಥಾ. ಟ್ರೈನಲ್ಲಿ ನೀನು ಯಾವತ್ತೂ ಕಟ್ ಮಾಡ್ತಿ. ಒಂದು ಸಲ ಕಟ್ ಆದ್ರೆ ಟ್ರೈನ್, ಮಮ್ಮಿ ಆಮೇಲೆ ಮಾಡ್ತಾಳೆ ಅಂತ ಅವರೇ ನನಗೆ ಹೇಳಿದ್ದು. ಇಸೀಲಿಯೇ ದುಬಾರಾ ನಹೀ ಕಿಯಾ.”

ಹೌದು, ಇವರಿಗೆ ಗೊತ್ತಿತ್ತು, ಅದು ಇವರೇ ಮಾಡಿದ ನಿಯಮ. ಮಹಿಳೆಯರ ಡಬ್ಬಿಯಲ್ಲಿ ಹಿಡಿಗೆ ನೇತಾಡುತ್ತಾ ಮಾತಾಡಬೇಡ, ಬಿದ್ದೀಯ, ಒಂದು ಸಲ ಕಟ್ ಮಾಡು, ನನಗೆ ಗೊತ್ತಾಗುತ್ತದೆ ಎಂದಿದ್ದರು. ಅದಕ್ಕೇ ಅವರು ಇನ್ನೊಮ್ಮೆ ಮಾಡಲಿಲ್ಲ. ಅದಕ್ಕೇ ಬೇರೆ ಯಾರಿಗೂ ಮಾಡಲಿಲ್ಲವೋ ಏನೋ. ನಾನು ಇಳಿದು ಮಾಡುವ ತನಕ ಕಾಯುತ್ತಾ ಇದ್ದರು. ಮಗಳು ಇದನ್ನು ಸಮಾಧಾನಕ್ಕೆ ಹೇಳಿದ್ದಳು. ನನಗೆ ಅದು ಸಮಾಧಾನ ಆಯಿತೋ, ಇನ್ನಷ್ಟು ಉರಿಯಿತೋ, ಇದನ್ನು ಬರೆಯುವಾಗಲೂ ಹೇಳಲಾರೆ. ಆ ಹೊತ್ತಿಗೆ ನಾನು ಎಲ್ಲಿದ್ದೇನೆಂದು ಅವರಿಗೆ ಸರಿಯಾಗಿ ಗೊತ್ತಿತ್ತು. ಯಾವ ಸ್ಟೇಷನ್ ದಾಟಿದ್ದೇನೆ ಎಂಬುದೂ ಗೊತ್ತಿದ್ದೀತು. ಅವರು ಎಲ್ಲಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ.

ಹೊರಗಿನಿಂದ ಭಟ್ಟರು ಎಲೆಗೆ ಬಡಿಸಬಹುದು ಎಂದರು. ಮಗಳ ಕೈಯಿಂದ ತುರಿದ ಕಾಯಿ ತೆಗೆದುಕೊಂಡು ಪಲ್ಯಕ್ಕೆ ಹಾಕಿ, ಪಾತ್ರೆ, ಸೌಟು ಹಿಡಿದು ಎದ್ದೆ. ಮೊದಲ ಎಲೆಯ ಮುಂದೆ ಬಗ್ಗಿದೆ. ಮೈದುನ ಪಾತ್ರೆಯ ಇನ್ನೊಂದು ಬದಿ ಹಿಡಿದುಕೊಂಡ.